ತೂಬು ಸೋರುತ್ತಿದೆ, ಯಾರಿಗೆ ಬರೆಯುತ್ತೀರಿ?

ಬರೆಯಲು ಕಲಿಯಬೇಕೆಂದು ಬಂದವರಿಗೆ ನಾನು ಮೊದಲು ಒಂದು ಕೆರೆ ಕೊಡುತ್ತೇನೆ. ಕುಣಿಗಲ್ ಕಡೆಯ ಯಾವುದೋ ಊರು ಎಂದಿಟ್ಟುಕೊಳ್ಳಿ. ಒಳ್ಳೆ ಮಳೆಯಾಗಿ ಕೆರೆ ಕೋಡಿ ಬಿದ್ದಿದೆ. ಆದರೆ ತೂಬಿನ ಹತ್ತಿರ ಏರಿಯಲ್ಲಿ ನೀರು ಜಿನುಗುತ್ತಿದೆ. ಇಷ್ಟನ್ನು ಬರೆಯಿರಿ ಎನ್ನುತ್ತೇನೆ. ಹೆಚ್ಚಿನವರು ಕೂಡಲೇ ಪೆನ್ನು ಹಿಡಿಯುತ್ತಾರೆ. ಯಾರಾದರೊಬ್ಬರು ತಲೆಯೆತ್ತಿ "ಯಾರಿಗೆ ಬರೀಬೇಕು ಮೇಷ್ಟ್ರೇ?" ಎಂದರೆ ಅವತ್ತಿನ ಪಾಠ ಅರ್ಧ ಮುಗಿದ ಹಾಗೆ.

ತುಮಕೂರಿನಲ್ಲಿ ಓದುತ್ತಿರುವ ತಮ್ಮನಿಗಾದರೆ "ನಮ್ಮ ಕೆರೆ ಕೋಡಿ ಬಿತ್ತು ಕಣೋ" ಎಂದರೆ ಸಾಕು. ಯಾವ ಕೆರೆ, ತೂಬು ಯಾವ ಕಡೆಗಿದೆ ಎಂಬುದೆಲ್ಲ ಅವನಿಗೆ ಗೊತ್ತು. ಅಲ್ಲೇ ಈಜು ಕಲಿತವನು. ತಹಶೀಲ್ದಾರರಿಗೆ ಇದ್ಯಾವುದೂ ಗೊತ್ತಿಲ್ಲ. ಕೆರೆಯ ಹೆಸರು, ಗ್ರಾಮ, ಹೋಬಳಿ, ಎಂದಿನಿಂದ ಸೋರುತ್ತಿದೆ, ಏನು ಮಾಡಿಕೊಡಬೇಕು, ಇವು ಬೇಕು. ನಾನು ಬರೆದ ಮೊದಲ ಅರ್ಜಿಯಲ್ಲಿ ಮುಂಜಾವದ ಮಂಜು, ಕೊಕ್ಕರೆಗಳ ಸಾಲು ಎಲ್ಲ ಇದ್ದವು. ಗುಮಾಸ್ತರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಸ್ವಾಮಿ, ಈಗ ನಿಮಗೇನಾಗಬೇಕು?" ಎಂದರು. ಅದೇನೆಂದು ನಾನು ಬರೆದೇ ಇರಲಿಲ್ಲ!

ಪತ್ರಿಕೆಯ ಸುದ್ದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಫಿ ಮುಗಿಯುವುದರೊಳಗೆ ಹಾಳೆ ಮಗುಚುವವನಿಗೆ ಬರೆಯುತ್ತಿದ್ದೀರಿ, ಏರಿಗೆ ಅಪಾಯ ಎಂಬುದು ಮೊದಲ ವಾಕ್ಯದಲ್ಲೇ ಬರಲಿ.

ಓದುವವರ ಮಾತು ಇದಾಯಿತು. ಕೇಳುವವರಿಗೆ ಬರೆಯುವುದು ಬೇರೆಯೇ ವಿದ್ಯೆ, ಅದಕ್ಕೆ ಗುಬ್ಬಿಗೆ ಹೋಗಬೇಕು. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ತಿರುಗಿತು. ಅದರ 'ಕುರುಕ್ಷೇತ್ರ' ನಾಟಕ ಬರೆದುಕೊಟ್ಟವರು ಬಿ. ಪುಟ್ಟಸ್ವಾಮಯ್ಯ. ನೋಡಲು ಬಂದವರು ಹರಿಕಥೆ, ಬಯಲಾಟಗಳಲ್ಲಿ ಭಾರತದ ಕಥೆ ಕೇಳಿಯೇ ಬೆಳೆದವರು. ಕೃಷ್ಣ ಯಾರು ಎಂದು ಅವರಿಗೆ ಹೇಳಿಕೊಡುವುದೇನಿದೆ? ಅವನು ಹೇಗೆ ಬರುತ್ತಾನೆ, ಬಂದವನು ಏನಾಡುತ್ತಾನೆ ಎಂದು ಕಾಯುತ್ತಾರೆ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ತಲುಪಬೇಕು, ನಟನ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ವಾಕ್ಯವೂ ಮುಗಿಯಬೇಕು. ಆ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬರುತ್ತಿದ್ದವು. ಆನೆ ಎದುರಿಗೇ ನಿಂತಿರುವಾಗ ಅದು ಎಷ್ಟು ದೊಡ್ಡದೆಂದು ವರ್ಣಿಸುವ ಮಾತು ದಂಡ.

ಅದೇ ಪುಟ್ಟಸ್ವಾಮಯ್ಯನವರು ಬಸವಣ್ಣನವರ ಕಾಲವನ್ನು ಕುರಿತು ಕಾದಂಬರಿಗೆ ಕೂತಾಗ ಆನೆ ತಂದುಕೊಡಲು ಯಾವ ಕಂಪನಿಯೂ ಇರಲಿಲ್ಲ. ಕಲ್ಯಾಣದ ಬೀದಿಯನ್ನೂ ಅರಮನೆಯನ್ನೂ ಮಾತಿನಲ್ಲೇ ಕಟ್ಟಬೇಕಾಯಿತು. ಒಂಟಿಯಾಗಿ ಕೂತು ಓದುವವನಿಗೆ ಪುರುಸೊತ್ತಿದೆ, ಬೇಕೆಂದರೆ ಹಿಂದಿನ ಪುಟಕ್ಕೂ ಹೋಗಿ ಬರುತ್ತಾನೆ. 'ಕ್ರಾಂತಿ ಕಲ್ಯಾಣ'ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾಟಕದವರು ಕಾದಂಬರಿ ಬರೆದರೆ ಪಾತ್ರಗಳು ಪುಟದಲ್ಲೂ ಕೂಗಾಡುತ್ತವೆ ಎಂಬ ಗೊಣಗಾಟವಿದೆ; ಅದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ.

ಹಿಂದಿನ ಪುಟಕ್ಕೆ ಹೋಗಲಾಗದವರಿಗೆ ಏನು ಮಾಡಬೇಕೆಂದು ಕುಣಿಗಲ್ ಕೆರೆಯ ಜನಪದ ಹಾಡು ಕಟ್ಟಿದವರಿಗೆ ಗೊತ್ತಿತ್ತು. ಅಲ್ಲಿ ಮಾತು ಮರಳಿ ಮರಳಿ ಬರುತ್ತದೆ, ಕೇಳುವ ಕಿವಿ ಅಷ್ಟರಲ್ಲಿ ಸುಧಾರಿಸಿಕೊಳ್ಳುತ್ತದೆ. ಅರ್ಜಿಯಲ್ಲಿ ಹಾಗೆ ಹೇಳಿದ್ದನ್ನೇ ಹೇಳಿದರೆ ಗುಮಾಸ್ತರ ಹುಬ್ಬು ಗಂಟಾಗುತ್ತದೆ, ಅಷ್ಟೇ.

ಸರಿ, ಮುಂದಿನ ವಾರಕ್ಕೆ ಕೆಲಸ. ತೂಬು ಸೋರುವ ಸಂಗತಿಯನ್ನು ಎರಡು ಸಲ ಬರೆಯಿರಿ: ತಹಶೀಲ್ದಾರರಿಗೊಂದು, ಕಣ್ಣು ಮಂಜಾದ ನಿಮ್ಮಜ್ಜಿಗೊಂದು. ಅಜ್ಜಿಯದನ್ನು ಅವರ ಪಕ್ಕ ಕೂತು ಓದಿಹೇಳಿ. ಎಲ್ಲಿ "ಆಂ?" ಅಂದರೋ ಆ ವಾಕ್ಯದ ಕೆಳಗೆ ಗೆರೆ ಎಳೆದುಕೊಂಡು ಬನ್ನಿ.