ಫೋಟೊ ತೆಗೆದ ಮೇಲೆ

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದದ್ದು ಬೇಗ ಗೊತ್ತಾಗುವುದಿಲ್ಲ. ಅಕ್ಷಿಪಟದ (ರೆಟಿನಾ) ಸಣ್ಣ ರಕ್ತನಾಳಗಳು ಸೋರತೊಡಗಿ, ಬಲವಿಲ್ಲದ ಹೊಸ ನಾಳಗಳು ಹುಟ್ಟಿ, ಅವು ಒಡೆದು ರಕ್ತ ಹರಡುವ ತನಕ ಎಷ್ಟೋ ಜನ ತಮ್ಮ ಕಣ್ಣು ನೆಟ್ಟಗಿದೆ ಎಂದೇ ತಿಳಿದಿರುತ್ತಾರೆ. ಆ ಹೊತ್ತಿಗೆ ಹೋದ ದೃಷ್ಟಿ ಬಹಳ ಸಲ ಮರಳಿ ಬರುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಫೋಟೊ ತೆಗೆಸಬೇಕು ಅನ್ನುವುದು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಐಸಿಎಂಆರ್‌ನ ಸಮೀಕ್ಷೆ 2023ರಲ್ಲಿ ಹೇಳಿತು. ಅಷ್ಟು ಫೋಟೊ ನೋಡಲು ರೆಟಿನಾ ಡಾಕ್ಟರನ್ನು ಎಲ್ಲಿಂದ ತರುವುದು?

ಕಂಪ್ಯೂಟರೇ ನೋಡಲಿ ಅನ್ನುವ ಯೋಚನೆ ಬಲ ಪಡೆದದ್ದು ಇಲ್ಲಿಂದ. 2016ರಲ್ಲಿ ಗೂಗಲ್ ಸಂಶೋಧಕರು 1,28,000ಕ್ಕೂ ಹೆಚ್ಚು ಚಿತ್ರ ತೋರಿಸಿ ಕಲಿಸಿದ ಪ್ರೋಗ್ರಾಂ ಕಣ್ಣಿನ ತಜ್ಞರ ಸರಿಸಮಕ್ಕೆ ಕಾಯಿಲೆ ಗುರುತಿಸಿತು. ಆ ಚಿತ್ರಗಳಲ್ಲಿ ಮದುರೈನ ಅರವಿಂದ ಕಣ್ಣಾಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದವೂ ಇದ್ದವು. ಎರಡು ವರ್ಷದ ಮೇಲೆ ಅಮೆರಿಕದ ಎಫ್‌ಡಿಎ, ಡಾಕ್ಟರ ಕಣ್ಣಿಗೆ ಬೀಳದೆಯೇ ತಾನಾಗಿ ಫಲಿತಾಂಶ ಹೇಳುವ ಒಂದು ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಅಂಥದೇ ಒಂದು ಕ್ಯಾಮೆರಾ, ಒಂದು ಟ್ಯಾಬ್ಲೆಟ್ ಹಿಡಿದು ಕಲ್ಯಾಣ ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸುತ್ತಿದ ತಂಡದಲ್ಲಿ ನಾನಿದ್ದೆ. ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಯಂತ್ರ ಸರಿಯಾಗಿ ಹೇಳುತ್ತದೋ ಇಲ್ಲವೋ? ಈಗ ಅನ್ನಿಸುವುದೆಂದರೆ, ಇಡೀ ಕೆಲಸದಲ್ಲಿ ಫೋಟೊ ಓದುವುದೇ ಸಲೀಸಾದ ಭಾಗ.

ಫೋಟೊ ತೆಗೆಯುವುದು ಅಷ್ಟು ಸಲೀಸಲ್ಲ. ಈ ಕ್ಯಾಮೆರಾಕ್ಕೆ ಕತ್ತಲೆ ಬೇಕು. ಕತ್ತಲಲ್ಲಿ ಪಾಪೆ ತಾನಾಗಿ ಅರಳಿದರೆ ಹನಿ ಹಾಕದೆಯೂ ಚಿತ್ರ ಸಿಗುತ್ತದೆ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಕತ್ತಲೆ ಕೋಣೆ ಎಲ್ಲಿ? ಔಷಧಿ ಡಬ್ಬ ಪೇರಿಸಿದ ಸ್ಟೋರ್ ರೂಮಿನ ಕಿಟಕಿಗೆ ನರ್ಸಕ್ಕ ತನ್ನ ಮನೆಯ ಕಂಬಳಿ ಕಟ್ಟಿದಳು. ಮೇ ತಿಂಗಳು, ಕರೆಂಟಿಲ್ಲ, ಫ್ಯಾನಿಲ್ಲ. ಒಳಗೆ ಕೂತ ಅಜ್ಜಿಯ ಹಣೆಯ ಬೆವರು ಕ್ಯಾಮೆರಾದ ಪಟ್ಟಿಗೆ ಅಂಟುತ್ತಿತ್ತು. ಒಂದು ಕಣ್ಣಿಗೆ ಫ್ಲ್ಯಾಶ್ ಬಿದ್ದೊಡನೆ ಎರಡೂ ಪಾಪೆ ಮುದುಡಿಬಿಡುತ್ತವೆ. ಇನ್ನೊಂದು ಕಣ್ಣಿಗೆ ಮತ್ತೆ ಕಾಯಬೇಕು. ಹೊರಗೆ ಸಾಲು ಬೆಳೆಯುತ್ತದೆ. 'ಲಗೂನ ಮುಗಸ್ರಿ, ಬಸ್ಸು ಹೋಗತೈತಿ' ಎಂದು ಯಾರೋ ಬಾಗಿಲು ತೆರೆದರೆ ಬೆಳಕು ನುಗ್ಗಿ ಕಾದದ್ದೆಲ್ಲ ನೀರುಪಾಲು. ಇದರ ಮೇಲೆ ನಮ್ಮ ಕಡೆ ವಯಸ್ಸಾದ ಅನೇಕರಿಗೆ ಪೊರೆ ಬಂದಿರುತ್ತದೆ. ಪೊರೆ ಬಂದ ಕಣ್ಣಿನ ಫೋಟೊ ಮಂಜು ಮುಸುಕಿದ ಹಾಗೆ ಬರುತ್ತದೆ. ಟ್ಯಾಬ್ಲೆಟ್ ಅದನ್ನು 'ಓದಲಾಗದು' ಎಂದು ಪಕ್ಕಕ್ಕಿಡುತ್ತದೆ. ನಿಯಮದ ಪ್ರಕಾರ ಓದಲಾಗದ ಕಣ್ಣನ್ನೂ ದೊಡ್ಡಾಸ್ಪತ್ರೆಗೆ ಕಳಿಸಬೇಕು.

ಇದು ನಮ್ಮೊಬ್ಬರ ಪಾಡಲ್ಲ. ಗೂಗಲ್‌ನವರೇ ಥಾಯ್ಲೆಂಡಿನ ಪಥುಮ್ ಥಾನಿ ಮತ್ತು ಚಿಯಾಂಗ್ ಮಾಯ್ ಪ್ರಾಂತ್ಯಗಳ 11 ಕ್ಲಿನಿಕ್‌ಗಳಲ್ಲಿ ತಮ್ಮ ವ್ಯವಸ್ಥೆಯನ್ನು ಬಳಸಿ ನೋಡಿ 2020ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಮೊದಲ ಆರು ತಿಂಗಳಲ್ಲಿ ತೆಗೆದ 1,838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಯಂತ್ರ ಓದಲೊಪ್ಪಲಿಲ್ಲ. ಕತ್ತಲೆ ಮಾಡಬಹುದಾದ ಪ್ರತ್ಯೇಕ ಕೋಣೆ ಇದ್ದದ್ದು ಎರಡೇ ಕ್ಲಿನಿಕ್‌ನಲ್ಲಿ. ಒಂದು ಕಡೆ ಇಂಟರ್ನೆಟ್ ಎರಡು ಗಂಟೆ ಕೈಕೊಟ್ಟು, 200 ಜನರನ್ನು ನೋಡಬೇಕಿದ್ದಲ್ಲಿ 100 ಜನರನ್ನಷ್ಟೇ ನೋಡಲಾಯಿತು. ನನಗೆ ಆ ವರದಿಯಲ್ಲಿ ತಟ್ಟಿದ್ದು ಬೇರೆ ಮಾತು: ಕೆಲವು ನರ್ಸುಗಳು, ಸುಮ್ಮನೆ ದೂರದ ಆಸ್ಪತ್ರೆಗೆ ಓಡಾಡುವ ಕಷ್ಟ ಯಾಕೆ ಎಂದು, ಅಧ್ಯಯನಕ್ಕೆ ಸೇರಬೇಡಿ ಎಂದೇ ರೋಗಿಗಳಿಗೆ ಹೇಳುತ್ತಿದ್ದರಂತೆ. ಇದನ್ನು ಅಡ್ಡಿ ಅನ್ನುವವರು ಇರಬಹುದು. ನಾನು ಅದನ್ನು ಶುಶ್ರೂಷೆ ಅನ್ನುತ್ತೇನೆ.

ನಮ್ಮಲ್ಲಿಯೂ ಕಥೆ ನಿಲ್ಲುತ್ತಿದ್ದದ್ದು ದೊಡ್ಡಾಸ್ಪತ್ರೆಗೆ ಬರೆದುಕೊಡುವ ಚೀಟಿಯ ಬಳಿ. ಕಾಯಿಲೆ ಕಂಡರೆ ಟ್ಯಾಬ್ಲೆಟ್ ಕೆಂಪು ತೋರಿಸುತ್ತದೆ, ನಾವು ಚೀಟಿ ಬರೆಯುತ್ತೇವೆ, ಪರೀಕ್ಷೆಗೆ ಬಂದ ಹೆಂಗಸು ಅದನ್ನು ಮಡಿಸಿ ಸೊಂಟದ ಸಂಚಿಗೆ ಸೇರಿಸುತ್ತಾಳೆ. 'ಆತು ಬಿಡ್ರಿ, ಹೋಗಿ ಬರ್ತೀನಿ.' ಹೋಗುವುದಿಲ್ಲ. ಭತ್ತದ ನಾಟಿ ಬಂದಿದೆ, ಹತ್ತಿ ಬಿಡಿಸುವುದಿದೆ, ಒಂದು ದಿನದ ಕೂಲಿ ಹೋಗುತ್ತದೆ, ಜತೆಗೆ ಬರುವ ಮಗನದ್ದೂ ಹೋಗುತ್ತದೆ. ರೆಟಿನಾ ಡಾಕ್ಟರು ವಾರಕ್ಕೊಂದು ದಿನ ಮಾತ್ರ ಇರುವ ಕಡೆ ಆ ದಿನ ತಪ್ಪಿದರೆ ಇನ್ನೊಂದು ವಾರ. ಲೇಸರ್ ಚಿಕಿತ್ಸೆ ಒಂದೇ ಭೇಟಿಗೆ ಮುಗಿಯುವುದೂ ಅಪರೂಪ. ಕಣ್ಣು ಚೆನ್ನಾಗಿಯೇ ಕಾಣುತ್ತಿರುವಾಗ ಇಷ್ಟೆಲ್ಲ ಯಾಕೆ ಎಂಬ ಆಕೆಯ ಪ್ರಶ್ನೆಗೆ ನ್ಯಾಯವಿದೆ.

ಈ ಬಿಗಿ ಸಡಿಲಿಸಿದ್ದು ಯಾವ ಸಾಫ್ಟ್‌ವೇರೂ ಅಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕೆಲವೇ ತಿಂಗಳಲ್ಲಿ ನಮ್ಮ ಪಟ್ಟಿಯಲ್ಲಿದ್ದ ಹೆಂಗಸರು ಅಕ್ಕತಂಗಿಯರನ್ನು, ಓರಗಿತ್ತಿಯರನ್ನು ಕಟ್ಟಿಕೊಂಡು ಆಸ್ಪತ್ರೆ ಕಾಣತೊಡಗಿದರು. ಗಂಡಸರು ಇದ್ದಲ್ಲೇ ಉಳಿದರು. ಯೋಜನೆ ರೂಪಿಸಿದವರು ರೆಟಿನಾದ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಆದರೆ ಡಿಜಿಟಲ್ ಆರೋಗ್ಯದ ಯಾವ ಸಭೆಯಲ್ಲೂ ಬಸ್ಸಿನ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಫೋನಿನ ಕಥೆ ಚುಟುಕಾಗಿ ಹೇಳುತ್ತೇನೆ. ಚೀಟಿ ಪಡೆದವರಿಗೆ ನೆನಪಿಸಲು ತಾನಾಗಿ ಹೋಗುವ ಕರೆ ಇಟ್ಟಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆ ಕರೆ. ಆಕೆ ಗದ್ದೆಯಲ್ಲಿ, ಫೋನು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಮಗನ ಜೇಬಿನಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ಶೇ. 54 ಮಾತ್ರ. ಕರೆಯ ದನಿಯೂ ಆಕಾಶವಾಣಿಯ ವಾರ್ತೆಯಂತಿತ್ತು. ಸಾಲದ ಕಂಪನಿಯವರೆಂದು ಕಟ್ ಮಾಡುತ್ತಿದ್ದರು. ಆ ಊರಿನ ಆಶಾ ಕಾರ್ಯಕರ್ತೆಯೇ ಸಂಜೆ ಏಳಕ್ಕೆ ತನ್ನ ಮಾತಿನಲ್ಲಿ ಫೋನ್ ಮಾಡಿದಾಗ ಪೂರ್ತಿ ಕೇಳಿಸಿಕೊಂಡರು.

ಆದರೆ ಆಶಾ ಎಷ್ಟಕ್ಕೆಂದು ಆದಾಳು? ಆಕೆಯ ಬಳಿ ಆಗಲೇ ಬಾಣಂತಿಯರ ಪುಸ್ತಕ, ಲಸಿಕೆ ಪುಸ್ತಕ, ಸಮೀಕ್ಷೆಯ ಆ್ಯಪ್‌ಗಳು ಇದ್ದವು. ನಮ್ಮದು ಇನ್ನೊಂದು. ಪುಸ್ತಕದಲ್ಲಿ ಬರೆದದ್ದನ್ನೇ ರಾತ್ರಿ ಕೂತು ಫೋನಿಗೆ ಹಾಕಬೇಕು, ಡೇಟಾ ಪ್ಯಾಕ್ ಅವಳದೇ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಪ್ರೋತ್ಸಾಹಧನ ಕಡಿತವಾಗುತ್ತದೆಂಬ ದೂರು ರಾಜ್ಯದ ಆಶಾಗಳಲ್ಲಿ ವರ್ಷಗಳಿಂದ ಇದೆ. 2025ರ ಜನವರಿಯ ಚಳಿಯಲ್ಲಿ ಅವರು ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತದ್ದನ್ನು ಎಲ್ಲರೂ ನೋಡಿದ್ದೇವೆ. ಬಡವರಿಗಾಗಿ ಮಾಡಿದ ತಂತ್ರಜ್ಞಾನ ಅಗ್ಗವಾಗಿ ಕಾಣುವುದು, ಬಹಳ ಸಲ, ಅದರ ಖರ್ಚನ್ನು ಇಂಥ ಒಬ್ಬ ಹೆಂಗಸಿನ ರಾತ್ರಿಯ ಲೆಕ್ಕಕ್ಕೆ ಬರೆದಿರುವುದರಿಂದ.

ಯಂತ್ರಕ್ಕೆ ಕಾಣದವರ ವಿಷಯವೂ ಇದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಗುರುತಿಸಲು ಬಳಸುತ್ತಿದ್ದ ಒಂದು ಲೆಕ್ಕಾಚಾರವನ್ನು ಜಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು 2019ರಲ್ಲಿ ಬಿಡಿಸಿ ನೋಡಿದರು. ಅದು ಕಾಯಿಲೆಯನ್ನು ಅಳೆಯುತ್ತಿದ್ದದ್ದು ಆಸ್ಪತ್ರೆ ಖರ್ಚಿನಿಂದ. ಕರಿಯರ ಮೇಲೆ ಕಡಿಮೆ ಖರ್ಚಾಗಿತ್ತು, ಹಾಗಾಗಿ ಅಷ್ಟೇ ಕಾಯಿಲೆಯಿದ್ದರೂ ಅವರು ಹೆಚ್ಚು ಆರೋಗ್ಯವಂತರು ಎಂದು ಅದು ತೀರ್ಮಾನಿಸಿತ್ತು. ಈ ಸಂಗತಿ ಓದಿದಾಗ ನನಗೆ ನೆನಪಾದದ್ದು ನಮ್ಮ ಟ್ಯಾಬ್ಲೆಟ್ಟಿನ ಪಟ್ಟಿ. ತಾಂಡಾಗಳಿಂದ ಗುಳೆ ಹೋದವರು ಅದರಲ್ಲಿ ಇಲ್ಲ. ಶಿಬಿರದ ದಿನ ಊರಲ್ಲಿದ್ದವರಷ್ಟೇ ಇದ್ದಾರೆ. ಅದನ್ನು ನೋಡಿ ಯಾರಾದರೂ ತಾಂಡಾಗಳಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಎಂದು ಬರೆದರೆ ಆಶ್ಚರ್ಯವಿಲ್ಲ.

ದಾರಿ ಮೊದಲು ಹಾಕಿ, ಆಮೇಲೆ ಯಂತ್ರ ತಂದ ಕೆಲಸವೂ ನಮ್ಮ ರಾಜ್ಯದಲ್ಲೇ ಆಗಿದೆ. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಕಣ್ಣು ಉಳಿಸಲು ಡಾ. ಆನಂದ್ ವಿನೇಕರ್ ಮುಂದಾಳುತನದಲ್ಲಿ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಶುರುಮಾಡಿತು. ತಾಯಿ ಮಗುವನ್ನು ಬೆಂಗಳೂರಿಗೆ ಹೊತ್ತು ತರಲಿ ಎಂದು ಕಾಯಲಿಲ್ಲ. ತಂತ್ರಜ್ಞರಿಗೆ ತರಬೇತಿ ಕೊಟ್ಟು, ಕ್ಯಾಮೆರಾವನ್ನು ಗಾಡಿಯಲ್ಲಿ ಜಿಲ್ಲೆಗಳ ಶಿಶು ಘಟಕಗಳಿಗೆ ಕಳಿಸಿದರು. ಚಿತ್ರ ಡಾಕ್ಟರ ಮೊಬೈಲಿಗೆ ಹೋಗುತ್ತಿತ್ತು. ಅಂಥ ಶಿಶುಗಳ ಅಕ್ಷಿಪಟಕ್ಕೆ ಬರುವ ಕಾಯಿಲೆ ಬಲಿತರೆ ಚಿಕಿತ್ಸೆ ದಿನಗಳೊಳಗೆ ಆಗಬೇಕು, ತಡವಾದರೆ ಕುರುಡಾಗಬಹುದು. ಯೋಜನೆ ಕಟ್ಟುವಾಗ ಆ ಗಡುವೇ ಮುಂದಿತ್ತು. ಸಕ್ಕರೆ ಕಾಯಿಲೆಗೆ ಅಂಥ ಗಡುವಿಲ್ಲದ್ದರಿಂದಲೇ ನಾವೆಲ್ಲ ಚೀಟಿ ಬರೆದು ಕೈತೊಳೆದುಕೊಳ್ಳುತ್ತೇವೇನೋ.

ಈಗ ಯಾರಾದರೂ ಹೊಸ ಎಐ ಸಾಧನ ತೋರಿಸಲು ಬಂದರೆ ಎಷ್ಟು ನಿಖರ ಎಂದು ನಾನು ಮೊದಲು ಕೇಳುವುದಿಲ್ಲ. ಕೆಂಪು ಬಂದವರ ಮನೆಗೆ ಯಾರು ಹೋಗುತ್ತಾರೆ, ಅವರಿಗೆ ಸಂಬಳ ಯಾರು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ ಎಂದು ಕೇಳುತ್ತೇನೆ. ನಮ್ಮ ತಿಂಗಳ ವರದಿಯ ಮೊದಲ ಸಾಲನ್ನೂ ಬದಲಿಸಿದ್ದೇವೆ: ಮೊದಲು ಅಲ್ಲಿ ಪರೀಕ್ಷೆಯಾದವರ ಸಂಖ್ಯೆ ಇತ್ತು, ಈಗ ಲೇಸರ್ ಅಥವಾ ಇಂಜೆಕ್ಷನ್ ಆದವರದ್ದು ಇದೆ. ದೊಡ್ಡ ಅಂಕಿ ಹೋಗಿ ಸಣ್ಣದು ಬಂತು. ಒಬ್ಬ ದಾನಿಗೆ ಅದು ಹಿಡಿಸದೆ ಹಿಂದೆ ಸರಿದರು. ಇನ್ನೊಬ್ಬರು, ಹಾಗಾದರೆ ಗಂಡಸರನ್ನು ಆಸ್ಪತ್ರೆಗೆ ಕರೆದೊಯ್ಯಲು ಒಂದು ಜೀಪಿನ ಬಾಡಿಗೆ ಎಷ್ಟಾಗುತ್ತದೆ ಎಂದು ಕೇಳಿದರು.