ಮೂರು ಕೆಲಸಕ್ಕೆ ಒಂದೇ ಝೀರೋ: ಸಣ್ಣ ಸಿಎನ್‌ಸಿ ತಂದವನಿಗೆ ಕಿವಿಮಾತು

ತಮ್ಮಾ, ಕೊಲ್ಹಾರದಲ್ಲೇ ಇದ್ದು ಮನೆಯಲ್ಲಿ ಸಿಎನ್‌ಸಿ ಮಶೀನು ಇಟ್ಟೆಯಲ್ಲ, ಬಹಳ ಚಲೋ ಆಯಿತು. ಕೊರೆಯುವ ರೌಟರ್, ಸುಟ್ಟು ಬರೆಯುವ ಲೇಸರ್, ದುಂಡನೆಯ ಸಾಮಾನು ತಿರುಗಿಸುವ ರೋಟರಿ, ಮೂರೂ ಈ ಒಂದೇ ಮಶೀನಿಗೆ ಕೂಡುತ್ತವೆ. ಆದರೆ ಒಂದೇ ಕಟ್ಟಿಗೆಯ ಮೇಲೆ ಮೂರರ ಗೆರೆಯೂ ಸರಿಯಾಗಿ ಕೂಡಿ ಬರುವುದು ಬೇರೆ ಮಾತು. ಉಳಿ, ಬಾಚಿ ಹಿಡಿದು ಈ ಕೆಲಸಕ್ಕೆ ಬಂದವನು ನಾನು. ನನಗೆ ಖಾತ್ರಿ ಇರುವಷ್ಟನ್ನು ಬರೆದಿದ್ದೇನೆ.

• ಮೊದಲು ಕಟ್ಟಿಗೆ. ಆಲಮಟ್ಟಿ ಹಿನ್ನೀರಿಗೆ ಹಳೇ ಕೊಲ್ಹಾರ ಮುಳುಗಡೆಯಾದಾಗ ಬಿಚ್ಚಿ ತಂದ ತೊಲೆ, ಚೌಕಟ್ಟುಗಳ ಸಾಗವಾನಿ ಸಿಕ್ಕರೆ ಬಿಡಬೇಡ. ಅಷ್ಟು ವರ್ಷ ಒಣಗಿದ ಕಟ್ಟಿಗೆ ಸುಲಭಕ್ಕೆ ಡೊಂಕಾಗುವುದಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ಮೊಳೆ ಇರುತ್ತವೆ. ನಾಲ್ಕೂ ಮಗ್ಗುಲಿಗೆ ಅಯಸ್ಕಾಂತ ಆಡಿಸಿ, ಎಳೆದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಮೊಳೆ ಕಿತ್ತು ಆಮೇಲೆ ಮಶೀನಿಗೆ ಏರಿಸು. ತಿರುಗುವ ಬಿಟ್ ಮೊಳೆಗೆ ತಾಗಿ ಮುರಿದರೆ ಚೂರು ನೇರ ಮುಖಕ್ಕೆ ಹಾರಬಹುದು. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದರ ಮೇಲೆ ಲೇಸರ್ ಹಾಯಿಸಬೇಡ. ಒದ್ದೆ ಮಾಡಿ ಕೆರೆದು ತೆಗೆ. ಹಿರಿಯರ ಕೈಕೆತ್ತನೆ ಇರುವ ಬಾಗಿಲು ಬಂದರೆ ಮಾತ್ರ ಅದನ್ನು ಹಲಗೆ ಎಂದು ನೋಡಬೇಡ, ಹಾಗೇ ಉಳಿಸು. ಅಂಥದ್ದು ಇನ್ನೊಂದು ಸಿಗುವುದಿಲ್ಲ.

• ಈಗ ಝೀರೋ, ಅಂದರೆ ಮಶೀನು ಅಳತೆ ಶುರು ಮಾಡುವ ಜಾಗ. ಇದೊಂದನ್ನು ನೀನು ಬಿಗಿಯಾಗಿ ಹಿಡಿದರೆ ಉಳಿದದ್ದೆಲ್ಲ ದಾರಿಗೆ ಬರುತ್ತದೆ. ಲೇಸರ್ ಬಿಟ್ ತಿರುಗಿಸುವ ಸ್ಪಿಂಡಲ್ಲಿನ ಪಕ್ಕದಲ್ಲಿ ಕೂಡುತ್ತದೆ, ಹಾಗಾಗಿ ಎರಡರ ತುದಿ ಒಂದೇ ಜಾಗದಲ್ಲಿ ಇರುವುದಿಲ್ಲ. ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯಬೇಡ. ಬೇಡವಾದ ಹಲಗೆಯ ಮೇಲೆ ವಿ-ಬಿಟ್‌ನಿಂದ ಒಂದು ಚುಕ್ಕೆ ಕೊರೆ, ಎಕ್ಸ್ ಮತ್ತು ವೈ ಅಂಕಿ ಬರೆದುಕೋ. ಆಮೇಲೆ ಲೇಸರನ್ನು ಅತಿ ಕಡಿಮೆ ಪವರಿನಲ್ಲಿ ಹಚ್ಚಿ, ಬೆಳಕಿನ ಚುಕ್ಕೆ ಆ ಕುಳಿಯಲ್ಲೇ ಬೀಳುವವರೆಗೆ ಸರಿಸು, ಆ ಅಂಕಿಯನ್ನೂ ಬರೆದುಕೋ. ಎರಡರ ವ್ಯತ್ಯಾಸವೇ ನಿನ್ನ ಅಂತರ. ಮಶೀನು ನಡೆಸುವ ಜಿಆರ್‌ಬಿಎಲ್ ಬೋರ್ಡಿನಲ್ಲಿ ಜಿ54 ರಿಂದ ಜಿ59 ರವರೆಗೆ ಆರು ಝೀರೋ ಇಡಲು ಜಾಗವಿದೆ. ಜಿ54 ಸ್ಪಿಂಡಲ್ಲಿಗೆ, ಜಿ55 ಲೇಸರಿಗೆ ಎಂದು ಮೀಸಲಿಡು. ಕರೆಂಟ್ ಹೋದರೂ ಇವು ಬೋರ್ಡಿನಲ್ಲಿ ಉಳಿಯುತ್ತವೆ. ಆದರೆ ಮಶೀನು ತಾನು ನಿಂತ ಜಾಗವನ್ನೇ ಮರೆತಿರುತ್ತದೆ. ಮಶೀನಿಗೆ ತನ್ನ ಮೂಲ ಜಾಗ ತೋರಿಸುವ ಹೋಮಿಂಗ್ ಸ್ವಿಚ್ ಇಲ್ಲದಿದ್ದರೆ ಆ ಅಂಕಿಗಳಿಂದ ಪ್ರಯೋಜನವಿಲ್ಲ. ನಮ್ಮ ಕಡೆಯ ಕರೆಂಟನ್ನು ನಂಬಿ ಸ್ವಿಚ್ ಹಾಕಿಸದೆ ಇರಬೇಡ. ಹಲಗೆ ಸರಿದರೂ ಝೀರೋ ತಪ್ಪುತ್ತದೆ, ಕೆಲಸ ಮುಗಿಯುವವರೆಗೆ ಕ್ಲಾಂಪ್ ಸಡಿಲ ಮಾಡಬೇಡ.

• ರೌಟರಿನಿಂದ ಲೇಸರಿಗೆ ಬದಲಿಸುವಾಗ ಬೋರ್ಡಿನ $32 ಸೆಟ್ಟಿಂಗ್ ನೋಡು. ಲೇಸರಿಗೆ 1, ರೌಟರಿಗೆ 0. ಲೇಸರ್ ಮೋಡಿನಲ್ಲೇ ರೌಟರ್ ಓಡಿಸಿದರೆ ಸ್ಪಿಂಡಲ್ ಪೂರ್ತಿ ವೇಗಕ್ಕೆ ಬರುವ ಮೊದಲೇ ಬಿಟ್ ಕಟ್ಟಿಗೆಗೆ ಇಳಿಯಬಹುದು. ಲೇಸರ್ ಕೆತ್ತನೆಗೆ ಎಂ3 ಆಜ್ಞೆಗಿಂತ ಎಂ4 ಒಳ್ಳೆಯದು. ಮೂಲೆಯಲ್ಲಿ ಮಶೀನು ನಿಧಾನವಾದಾಗ ಪವರನ್ನೂ ಅದು ಇಳಿಸುತ್ತದೆ, ಮೂಲೆ ಕಪ್ಪಾಗುವುದಿಲ್ಲ.

• ಕೆಲಸದ ಸರದಿ ಹೀಗೆ: ಮೊದಲು ರೌಟರಿನಿಂದ ಮೇಲ್ಮೈ ಸಮ ಮಾಡು, ಆಮೇಲೆ ಆಳದ ಕೆತ್ತನೆ, ಆಮೇಲೆ ಲೇಸರ್, ಕಟ್ಟಕಡೆಗೆ ಅಂಚಿನ ಕಟ್. ಅಂಚು ಮೊದಲೇ ಕತ್ತರಿಸಿದರೆ ಹಲಗೆಗೆ ಹಿಡಿತ ಹೋಗುತ್ತದೆ. ರೌಟರ್ ಮುಗಿದ ಕೂಡಲೆ ಹುಡಿಯನ್ನೆಲ್ಲ ಬ್ರಶ್ಶಿನಿಂದ ತೆಗೆ, ಕುಳಿಯೊಳಗಿನದನ್ನೂ. ಹುಡಿ ಲೇಸರಿಗೆ ಸಿಕ್ಕರೆ ಕಿಡಿಯಾಗುತ್ತದೆ, ಲೆನ್ಸಿಗೆ ಕೂತರೆ ಲೆನ್ಸ್ ಸುಡುತ್ತದೆ. ರೌಟರ್ ಓಡುವಾಗ ಲೇಸರನ್ನು ಕಳಚಿಡು. ಇನ್ನೊಂದು ಮಾತು: ಹುಡಿ ತುಂಬಿದ ವ್ಯಾಕ್ಯೂಮನ್ನು ಲೇಸರಿನ ಹೊಗೆ ಎಳೆಯಲು ಹಚ್ಚಬೇಡ. ಒಂದು ಕಿಡಿ ಚೀಲದೊಳಗೆ ಹೋದರೆ ಗೊತ್ತಾಗುವ ಹೊತ್ತಿಗೆ ಮನೆಗೇ ಬೆಂಕಿ ಹತ್ತಿರುತ್ತದೆ. ಹೊಗೆಗೆ ಬೇರೆ ಫ್ಯಾನ್, ಬೇರೆ ಪೈಪು.

• ಕಣ್ಣು. ನಿನ್ನದು ನೀಲಿ ಡಯೋಡ್ ಲೇಸರ್, ಸುಮಾರು 450 ನ್ಯಾನೋಮೀಟರ್. ಕನ್ನಡಕದ ಮೇಲೆ ಬರೆದ ವ್ಯಾಪ್ತಿಯಲ್ಲೂ ಆ ಅಂಕಿ ಸೇರಿರಬೇಕು. ಬೇರೆ ಲೇಸರಿನ ಕನ್ನಡಕವಾಗಲಿ, ಬಿಸಿಲಿನ ಕನ್ನಡಕವಾಗಲಿ ಇದಕ್ಕೆ ಆಗದು. ಮಕ್ಕಳು ಕುತೂಹಲಕ್ಕೆ ಬಂದು ನಿಲ್ಲುತ್ತಾರೆ. ಅವರಿಗೂ ಕನ್ನಡಕ ಇರಲಿ, ಇಲ್ಲವೇ ಬಾಗಿಲು ಹಾಕು. ಲೇಸರ್ ಉರಿಯುವಾಗ ಚಹಾಕ್ಕೂ ಎದ್ದು ಹೋಗಬೇಡ. ಲ್ಯಾಪ್‌ಟಾಪ್ ನಿದ್ದೆಗೆ ಜಾರಿ ಮಶೀನು ನಿಂತಲ್ಲೇ ನಿಂತರೆ ಲೇಸರ್ ಅದೇ ಜಾಗವನ್ನು ಸುಡುತ್ತಲೇ ಇರಬಹುದು.

• ಪಿವಿಸಿ, ರೆಕ್ಸಿನ್, ಫ್ಲೆಕ್ಸ್, ಬೋರ್ಡಿನ ಅಂಗಡಿಯ ಬಿಳೀ ಪಿವಿಸಿ ಹಲಗೆ ಇವುಗಳಿಗೆ ಲೇಸರ್ ಎಂದಿಗೂ ಬೇಡ. ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಅದು ನಿನ್ನ ಎದೆಯನ್ನೂ ತಿನ್ನುತ್ತದೆ, ಮಶೀನಿನ ಕಬ್ಬಿಣವನ್ನೂ ತಿನ್ನುತ್ತದೆ. ಗಟ್ಟಿ ಪಿವಿಸಿ ಹಲಗೆಯನ್ನು ರೌಟರಿನಿಂದ ಕತ್ತರಿಸು. ಪಾರದರ್ಶಕ ಅಕ್ರಿಲಿಕ್‌ನಲ್ಲಿ ನೀಲಿ ಬೆಳಕು ಹಾದುಹೋಗಿಬಿಡುತ್ತದೆ, ಕತ್ತರಿಸುವುದಿಲ್ಲ. ಹೊಳೆಯುವ ಹಿತ್ತಾಳೆಗೂ ಬೇಡ. ಸ್ಪಿಂಡಲ್ ಬಂದ್ ಇಟ್ಟು ಡೈಮಂಡ್ ಮೊನೆಯಿಂದ ಗೀರಿದರೆ ಹೆಸರು ಸ್ವಚ್ಛ ಮೂಡುತ್ತದೆ.

• ರೋಟರಿಯಲ್ಲಿ ಎರಡು ಜಾತಿ. ರೋಲರಿನದು ಲೇಸರಿಗೆ ಮಾತ್ರ. ಬಿಟ್ ತಾಗಿದರೆ ವಸ್ತು ಜಾರುತ್ತದೆ. ಕೊರೆಯಬೇಕೆಂದರೆ ಒಂದು ತುದಿಗೆ ಚಕ್, ಇನ್ನೊಂದಕ್ಕೆ ಟೇಲ್‌ಸ್ಟಾಕ್ ಇರುವುದನ್ನೇ ತಗೋ. ಸಣ್ಣ ಮಶೀನಿನಲ್ಲಿ ವೈ ಮೋಟರಿನ ವೈರನ್ನೇ ರೋಟರಿಗೆ ಕೊಡುತ್ತೇವೆ, ಆಗ ವೈಗೆ ಒಂದು ಮಿ.ಮೀ.ಗೆ ಎಷ್ಟು ಹೆಜ್ಜೆ ಎಂದು ಹೇಳುವ $101 ಬದಲಾಗಬೇಕು. ಲೆಕ್ಕ ಸರಳ: ಮೋಟರಿನ 200 ಹೆಜ್ಜೆ, 16 ಮೈಕ್ರೋಸ್ಟೆಪ್, ಗುಣಿಸಿದರೆ ಒಂದು ಸುತ್ತಿಗೆ 3200. ಚಕ್ಕಿನಲ್ಲಿ ಹಿಡಿದ ಲಟ್ಟಣಿಗೆಯ ವ್ಯಾಸ 50 ಮಿ.ಮೀ. ಇದ್ದರೆ ಸುತ್ತಳತೆ 157.08. ಭಾಗಿಸಿದರೆ 20.37. ನಡುವೆ ಬೆಲ್ಟಿನ ಗಾಲಿ ಇದ್ದರೆ ಆ ಅನುಪಾತದಿಂದ ಮತ್ತೆ ಗುಣಿಸು. ಹಳೇ ಅಂಕಿಯನ್ನು ಗೋಡೆಯ ಮೇಲೆ ಬರೆದಿಡು, ವಾಪಸ್ ಹಾಕಬೇಕಲ್ಲ. ಹೋಮಿಂಗ್ ಮೊದಲು ಮುಗಿಸಿ, ವೈ ಅನ್ನು ರೋಟರಿಯ ನಡುಗೆರೆಯ ನೆತ್ತಿಗೆ ತಂದು ನಿಲ್ಲಿಸಿ, ಆಮೇಲೆ ಪವರ್ ಬಂದ್ ಮಾಡಿಯೇ ವೈರು ಬದಲಿಸು. ವೈರು ಬದಲಿಸಿದ ಮೇಲೆ ಹೋಮಿಂಗ್ ಒತ್ತಿದರೆ ರೋಟರಿ ಸಿಗದ ಸ್ವಿಚ್ಚನ್ನು ಹುಡುಕುತ್ತ ಸುತ್ತುತ್ತದೆ. ಆಳದ ಝೀರೋ ಕೊರೆಯುವಾಗ ನಡುಗೆರೆಗೆ ಇರಲಿ, ಲೇಸರಿನ ಫೋಕಸ್ ಮಾತ್ರ ಮೇಲ್ಮೈಗೆ.

• ಕನ್ನಡ ಅಕ್ಷರಕ್ಕೆ ಬೇರೆಯೇ ಗಮನ ಬೇಕು. ಇಂಕ್‌ಸ್ಕೇಪಿನಲ್ಲಿ ಬರೆದು, ಒತ್ತಕ್ಷರ ಸರಿ ಕೂತಿದೆಯೇ ನೋಡಿ, ಅಕ್ಷರವನ್ನು ಪಾಥ್, ಅಂದರೆ ಬರಿಯ ಗೆರೆ, ಮಾಡಿ ಆಮೇಲೆ ಮಶೀನಿಗೆ ಕಳಿಸು. ಇಲ್ಲದಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. 4 ಮಿ.ಮೀ. ಅಗಲದ ಗೆರೆಗೆ 90 ಡಿಗ್ರಿ ವಿ-ಬಿಟ್ 2 ಮಿ.ಮೀ. ಇಳಿಯುತ್ತದೆ, 60 ಡಿಗ್ರಿಯದು ಸುಮಾರು ಮೂರೂವರೆ. ತೆಳು ಹಲಗೆಗೆ 90 ಸಾಕು. ದೊಡ್ಡ ಹೆಸರು ರೌಟರಿಗೆ, ಸಣ್ಣ ಸಾಲು ಲೇಸರಿಗೆ. ಸಾಗವಾನಿಯ ಕಂದಿನ ಮೇಲೆ ಲೇಸರಿನ ಕಂದು ಅಷ್ಟಾಗಿ ಎದ್ದು ಕಾಣದು. ಚನ್ನಪಟ್ಟಣದವರು ಗೊಂಬೆಗೆ ಹಿಡಿದಿರುವ ಹಾಲೆ ಮರದಂಥ ಬಿಳಿ, ನಯವಾದ ಕಟ್ಟಿಗೆಯ ಮೇಲೆ ನೋಡು, ಅಕ್ಷರ ಹೇಗೆ ಕುಳಿತಿರುತ್ತದೆ!

• ಆರಪಾರ ಕತ್ತರಿಸುವ ಅಕ್ಷರವಾದರೆ ‘ಠ’, ‘ರ’ದ ಒಳಗಿನ ಗುಂಡು ಉದುರಿಬೀಳುತ್ತದೆ. ವಿಜಯಪುರಕ್ಕೆ ಹೋದಾಗ ಇಬ್ರಾಹಿಂ ರೋಜಾದ ಕಲ್ಲಿನ ಕಿಟಕಿಗಳ ಮುಂದೆ ನಿಂತು ಬಾ. ಅಲ್ಲಿ ಅರಬ್ಬೀ ಅಕ್ಷರಗಳೇ ಜಾಲರಿ. ಅಕ್ಷರವನ್ನು ಉಳಿಸಿ, ನಡುವಿನ ಬಿಡುವನ್ನು ಮಾತ್ರ ತೆಗೆದಿದ್ದಾರೆ, ಬೆಳಕು ಆ ಬಿಡುವಿನಿಂದ ಬರುತ್ತದೆ. ಒಂದಕ್ಷರ ಇನ್ನೊಂದಕ್ಕೆ ಆಸರೆಯಾಗಿ ನಿಂತಿರುವುದನ್ನು ಕಣ್ಣಲ್ಲಿ ತುಂಬಿಕೋ. 17ನೇ ಶತಮಾನದ ಕಲ್ಲುಕುಟಿಗರು ಉಳಿಯಲ್ಲಿ ಬಿಡಿಸಿದ ಲೆಕ್ಕ ಅದು. ನಿನ್ನ ಕಂಪ್ಯೂಟರು ತಾನಾಗಿ ಬಿಡಿಸಿ ಕೊಡುವುದಿಲ್ಲ.

• ನಮ್ಮ ಬೇಸಿಗೆಯಲ್ಲಿ ಲೇಸರ್ ಕೆಲಸ ಬೆಳಗಿನ ಹೊತ್ತಿಗೆ ಇಟ್ಟುಕೋ. ಕಾವು ಏರಿದಷ್ಟೂ ಡಯೋಡಿನ ಆಯುಷ್ಯ ಇಳಿಯುತ್ತದೆ.

• ಮೊದಲ ಕೆಲಸಕ್ಕೆ ದೇವರಮನೆಯ ಬಾಗಿಲಿಗೆ ಕೈ ಹಾಕಬೇಡ. ನಮ್ಮೂರ ಮೊಸರಿನ ಗಡಿಗೆಗೆ ಮರದ ಮುಚ್ಚಳ ಮಾಡು. ಗಡಿಗೆಯ ಮೈಗೇ ಲೇಸರ್ ಬರೆಯುವ ಆಸೆ ಬೇಡ. ಉಬ್ಬಿದ ಮೈಯಲ್ಲಿ ಫೋಕಸ್ ತಪ್ಪುತ್ತದೆ. ಮುಚ್ಚಳದಲ್ಲಿ ‘ಕೊಲ್ಹಾರ’ ಎಂದು ವಿ-ಬಿಟ್‌ನಿಂದ ಕೊರೆ, ಸುತ್ತ ಎಳೆಯ ಬಳ್ಳಿ ಲೇಸರಿನಿಂದ ಬರೆ, ಹಿಡಿಕೆಯನ್ನು ರೋಟರಿಯಲ್ಲಿ ಕಡೆ. ಮೂರೂ ಕೆಲಸ ಒಂದು ಅಂಗೈ ಅಗಲದಲ್ಲಿ ಆಗುತ್ತವೆ, ಕೆಟ್ಟರೂ ಕಟ್ಟಿಗೆಯ ಚೂರು ಹೋದೀತು ಅಷ್ಟೆ.

• ಗೋಡೆಗೆ ಹಾಕುವ ಹೆಸರಿನ ಹಲಗೆಗೆ ಅಗಸೆ ಎಣ್ಣೆ ಒರೆಸಿದರೆ ಬಣ್ಣ ಏಳುತ್ತದೆ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಅದು ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಬಿಡಿಸಿ ಒಣಹಾಕು.