ಕೃಷಿ ಕಛೇರಿಗಳಲ್ಲಿ ಹುಸಿ ಸಂದೇಶಗಳ ಪರೀಕ್ಷೆ

ಕಳಪೆ ಬೀಜವು ಒಳ್ಳೆಯ ಚೀಟಿಯ ಚೀಲದಲ್ಲಿ ಬರುವಂತೆ ಮೋಸದ ಸಂದೇಶವೂ ಸರಕಾರದ ಹೆಸರನ್ನು ಹೊತ್ತೇ ಬರುತ್ತದೆ. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯ ಹೆಸರಿನಲ್ಲಿ ವಂಚಕರು ವಾಟ್ಸ್‌ಆಪಿನ ಮೂಲಕ ‘ಎ.ಪಿ.ಕೆ.’ ಕಡತಗಳನ್ನು ಕಳುಹಿಸುವುದುಂಟು. ಅಂತಹುದನ್ನು ಫೋನಿನಲ್ಲಿ ಸ್ಥಾಪಿಸಿದರೆ ಓ.ಟಿ.ಪಿ.ಗಳು ವಂಚಕನ ಕೈಸೇರಬಹುದಾದುದರಿಂದ ಅದನ್ನು ತೆರೆಯಕೂಡದು. ಜಾಲತಾಣದ ಹೆಸರಿನ ಆದಿಯಲ್ಲಿ ‘ಪಿಎಂಕಿಸಾನ್’ ಎಂದು ಯಾರಾದರೂ ಸೇರಿಸಬಹುದು, ಅಂತ್ಯದಲ್ಲಿ ‘.ಜಿಓವಿ.ಇನ್’ ಇದೆಯೇ ಎಂಬುದನ್ನು ನೋಡತಕ್ಕದ್ದು.

“ಸಾಹೇಬರು ಕಾಯುತ್ತಿದ್ದಾರೆ, ಈಗಲೇ ಓ.ಟಿ.ಪಿ. ಹೇಳಿ” ಎಂಬ ಕರೆ ಬಂದಲ್ಲಿ ಗುಮಾಸ್ತನು ಅದನ್ನು ನಿಲ್ಲಿಸಿ, ಕಛೇರಿಯ ದಾಖಲೆಯಲ್ಲಿರುವ ನಂಬರಿಗೆ ತಾನೇ ಕರೆಮಾಡಿ ವಿಚಾರಿಸುವುದು ಯುಕ್ತವು. ಇದರಿಂದ ನಿಜವಾದ ಮೇಲಧಿಕಾರಿಗೆ ಸಿಟ್ಟು ಬರಲಾರದು, ಬಂದರೂ ಸಹಿಸಿಕೊಳ್ಳಬಹುದು. ಹಣವು ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೂ ಬ್ಯಾಂಕಿಗೂ ತಿಳಿಸತಕ್ಕದ್ದು. ತಡವಾದಷ್ಟೂ ಅದು ಬೇರೆ ಬೇರೆ ಖಾತೆಗಳಿಗೆ ಹರಿದುಹೋಗುತ್ತದೆ.